ಒಂದೇ ಹೆಸರು, ಎರಡು ಮನೆ

ಪೂಜೆಗೆ ಕುಳಿತ ಗೃಹಸ್ಥನು ಸಂಕಲ್ಪ ಮಾಡುವಾಗ ತಾನು ಇಂಥವನೆಂದು ಒಮ್ಮೆಗೇ ಹೇಳಿಬಿಡುವುದಿಲ್ಲ. ದ್ವೀಪವನ್ನು ಹೇಳಿ, ವರ್ಷವನ್ನು ಹೇಳಿ, ಖಂಡವನ್ನೂ ನದೀತೀರವನ್ನೂ ಸ್ಮರಿಸಿ, ಸಂವತ್ಸರ ಮಾಸ ಪಕ್ಷ ತಿಥಿಗಳನ್ನು ಕ್ರಮವಾಗಿ ಎಣಿಸಿ, ಗೋತ್ರವನ್ನು ಉಚ್ಚರಿಸಿ, ಕಟ್ಟಕಡೆಗೆ ತನ್ನ ಹೆಸರಿಗೆ ಬಂದು ನಿಲ್ಲುತ್ತಾನೆ. ಆ ಹೆಸರಿನವರು ಲೋಕದಲ್ಲಿ ಸಾವಿರ ಮಂದಿ ಇದ್ದಾರು. ಆದರೆ ಆ ತೀರದ, ಆ ಗೋತ್ರದ, ಆ ದಿವಸ ಆ ಮಣೆಯ ಮೇಲೆ ಕುಳಿತವನು ಒಬ್ಬನೇ. ನಮ್ಮ ಅಂಚೆಯವರೂ ಈ ತತ್ತ್ವವನ್ನು ಬಲ್ಲರು: ಲಕೋಟೆಯ ಮೇಲೆ ‘ಹೊಸಹಳ್ಳಿ’ ಎಂದಷ್ಟೇ ಬರೆದು ತಾಲ್ಲೂಕು ಜಿಲ್ಲೆಗಳನ್ನು ಬಿಟ್ಟರೆ ಆ ಕಾಗದ ಯಾವ ಹೊಸಹಳ್ಳಿಗೆ ಹೋಗಬೇಕು? ಹೆಸರೆಂಬುದು ತಾನೊಂದೇ ನಿಲ್ಲತಕ್ಕ ವಸ್ತುವಲ್ಲ. ಅದು ಯಾವ ಮನೆಗೆ ಸೇರಿದ್ದೆಂಬುದೂ ಹೆಸರಿನ ಒಂದು ಭಾಗವೇ ಆಗಿದೆ. ಕಂಪ್ಯೂಟರುಗಳ ಲೋಕದಲ್ಲಿ ಈ ಮಾತನ್ನು ಮರೆತರೆ ಎಂತಹ ಗೋಜಲು ಉಂಟಾಗುತ್ತದೆಂಬುದನ್ನೂ ಆ ಗೋಜಲನ್ನು ಎಲ್ಲಿಂದ ಬಿಡಿಸಬೇಕೆಂಬುದನ್ನೂ ಇಲ್ಲಿ ನಿರೂಪಿಸಲು ಯತ್ನಿಸುತ್ತೇನೆ.

1970ರ ಜೂನ್ ತಿಂಗಳಲ್ಲಿ, ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸರು, ಹಲವರು ಹಂಚಿಕೊಂಡು ಬಳಸುವ ವಿಶಾಲವಾದ ದತ್ತಾಂಶ ಭಂಡಾರಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಮಾಹಿತಿಯನ್ನೆಲ್ಲ ಸಾಲು ಅಂಕಣಗಳ ಕೋಷ್ಟಕಗಳಾಗಿ ಭಾವಿಸಬೇಕೆಂಬ ಅವರ ವಿಚಾರದಿಂದ ಇಂದಿನ ಬಹುಪಾಲು ಡೇಟಾಬೇಸುಗಳು ಹುಟ್ಟಿದವು. ಬ್ಯಾಂಕಿನ ಖಾತೆ, ರೈಲ್ವೆಯ ಟಿಕೆಟ್ಟು, ಆಸ್ಪತ್ರೆಯ ರೋಗಿಗಳ ಪಟ್ಟಿ ಎಲ್ಲವೂ ಇಂಥ ಕೋಷ್ಟಕಗಳಲ್ಲಿ ಕುಳಿತಿರುವುವು. ಆ ಲೇಖನದ ಶೀರ್ಷಿಕೆಯಲ್ಲಿಯೇ ಇರುವ ‘ಹಂಚಿಕೊಂಡು’ ಎಂಬ ಭಾವವನ್ನು ನಾವು ಗಮನಿಸಬೇಕು. ಒಂದೇ ಭಂಡಾರವನ್ನು ಮಾರಾಟದವರೂ ಖರೀದಿಯವರೂ ಸಿಬ್ಬಂದಿ ವಿಭಾಗದವರೂ ಹಂಚಿಕೊಂಡ ಮೇಲೆ, ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ಸ್ಥಳ ಬೇಕಾಗುತ್ತದೆ. ಅವಿಭಕ್ತ ಕುಟುಂಬದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆಯಿದ್ದಂತೆ. ಡೇಟಾಬೇಸಿನೊಳಗಿನ ಈ ಕೋಣೆಗೆ ಸ್ಕೀಮಾ ಎಂದು ಹೆಸರು. ಎಲ್ಲ ಡೇಟಾಬೇಸುಗಳಲ್ಲಿಯೂ ಇದರ ಅರ್ಥ ಒಂದೇ ಎಂದು ತಿಳಿಯಬಾರದು. ಆರಕಲ್‌ನಲ್ಲಿ ಬಳಕೆದಾರನ ಹೆಸರೇ ಅವನ ಸ್ಕೀಮಾ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಕೀಮಾ ಎಂದರೂ ಡೇಟಾಬೇಸ್ ಎಂದರೂ ಒಂದೇ. ಪೋಸ್ಟ್‌ಗ್ರೆಸ್‌ನಲ್ಲಿ ಈ ಏರ್ಪಾಡು ಬಂದದ್ದು 2002ರ 7.3ನೆಯ ಆವೃತ್ತಿಯಲ್ಲಿ, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿಯಾದರೋ ಸ್ಕೀಮಾವನ್ನು ಅದರ ಒಡೆಯನಿಂದ ಬೇರ್ಪಡಿಸಿ ಸ್ವತಂತ್ರ ಕೋಣೆಯನ್ನಾಗಿ ಮಾಡಿದ್ದು 2005ರಲ್ಲಿ.

ಒಂದೊಂದು ಕೋಣೆಗೂ ಅದರದೇ ಹೆಸರಿರುವುದರಿಂದ, ಮಾರಾಟದ ಕೋಣೆಯಲ್ಲಿ ‘ಆರ್ಡರ್ಸ್’ ಎಂಬ ಕೋಷ್ಟಕವಿದ್ದು ರಿಪೇರಿಯ ಕೋಣೆಯಲ್ಲಿಯೂ ‘ಆರ್ಡರ್ಸ್’ ಎಂಬ ಕೋಷ್ಟಕವಿದ್ದರೆ ಡೇಟಾಬೇಸಿಗೆ ಯಾವ ತೊಡಕೂ ಇಲ್ಲ. ಸೇಲ್ಸ್.ಆರ್ಡರ್ಸ್ ಎಂದು ನಡುವೆ ಚುಕ್ಕೆಯಿಟ್ಟು ಕರೆದರೆ ಒಂದು ಬರುತ್ತದೆ, ಸರ್ವೀಸ್.ಆರ್ಡರ್ಸ್ ಎಂದು ಕರೆದರೆ ಇನ್ನೊಂದು ಬರುತ್ತದೆ. ತೊಡಕು ಪ್ರಾರಂಭವಾಗುವುದು ಈ ಕೋಷ್ಟಕಗಳು ಡೇಟಾಬೇಸನ್ನು ಬಿಟ್ಟು ಪ್ರೋಗ್ರಾಮಿನೊಳಕ್ಕೆ ಬರುವಾಗ. ನೂರಾರು ಕೋಷ್ಟಕಗಳಿಗೆ ಹೊಂದುವ ಕ್ಲಾಸುಗಳನ್ನು ಕೈಯಿಂದ ಬರೆಯುವುದು ಬೇಸರದ ಕೆಲಸವಾದ್ದರಿಂದ, ಡೇಟಾಬೇಸನ್ನು ಓದಿ ಕೋಡನ್ನು ತಾನೇ ಬರೆದುಕೊಡುವ ಸಾಧನಗಳನ್ನು ಮಾಡಿಕೊಂಡಿದ್ದಾರೆ. ಸಿ ಶಾರ್ಪ್ ಭಾಷೆಯವರಿಗೆ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಉಂಟು, ಜಾವಾದವರಿಗೆ ಜೂಕ್ ಉಂಟು. ಇವಲ್ಲದೆ ಅನೇಕ ಕಚೇರಿಗಳಲ್ಲಿ ಹಿಂದಿನವರು ಯಾರೋ ಬರೆದಿಟ್ಟ ಮನೆಯ ಸಾಧನವೂ ಇರುತ್ತದೆ. ಪ್ರೋಗ್ರಾಮಿನಲ್ಲಿಯೂ ಹೆಸರುಗಳಿಗೆ ಮನೆಗಳುಂಟು. ಸಿ ಶಾರ್ಪ್‌ನಲ್ಲಿ ಅದನ್ನು ನೇಮ್‌ಸ್ಪೇಸ್ ಎಂದೂ ಜಾವಾದಲ್ಲಿ ಪ್ಯಾಕೇಜ್ ಎಂದೂ ಕರೆಯುತ್ತಾರೆ. ನಾಮಾವಕಾಶವೆಂದರೆ ಅರ್ಥಕ್ಕೆ ಹತ್ತಿರವಾದೀತು. ಡೇಟಾಬೇಸಿನ ಕೋಣೆಯ ಹೆಸರು ಪ್ರೋಗ್ರಾಮಿನ ಈ ಮನೆಯ ಹೆಸರಾಗಿ ಬಂದರೆ ಸರಿ. ದಾರಿಯಲ್ಲಿ ಎಲ್ಲಿಯೋ ಬಿದ್ದುಹೋದರೆ ಎರಡು ಆರ್ಡರ್‌ಗಳು ಒಂದೇ ಅಂಗಳದಲ್ಲಿ ಎದುರುಬದುರಾಗಿ ನಿಲ್ಲುತ್ತವೆ.

ಹಾಗೆ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ತಂಗಿಯ ಮಗಳು, ನೀರೆತ್ತುವ ಪಂಪುಗಳನ್ನು ಮಾರುವ ಹಾಗೂ ರಿಪೇರಿ ಮಾಡಿಕೊಡುವ ಒಂದು ಸಂಸ್ಥೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವಳು, ಒಂದು ಭಾನುವಾರ ಸಂಜೆ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಮೌನವಾಗಿ ಕುಳಿತಿದ್ದಳು. ಆ ಸಂಸ್ಥೆಯ ಡೇಟಾಬೇಸಿನಲ್ಲಿ ಮೊದಲು ಮಾರಾಟದ ಸ್ಕೀಮಾ ಒಂದೇ ಇದ್ದು, ಈಚೆಗೆ ರಿಪೇರಿಗಾಗಿ ಸರ್ವೀಸ್ ಎಂಬ ಇನ್ನೊಂದನ್ನು ಸೇರಿಸಿದ್ದರು. ಅಂದಿನಿಂದ ಸಾಧನವು ಬರೆದುಕೊಟ್ಟ ಕೋಡು ಕಂಪೈಲ್ ಆಗದು. ಪರದೆಯ ಮೇಲೆ ಸಿಎಸ್0102 ಎಂಬ ಸಂಖ್ಯೆಯ ಎರರ್ ಮೂರು ಸಲ ಬಂದಿತ್ತು. ‘ಆರ್ಡರ್’ ಎಂಬ ಕ್ಲಾಸಿನಲ್ಲಿ ‘ಆರ್ಡರ್‌ಐಡಿ’ಯ ನಿರೂಪಣೆ ಈಗಾಗಲೇ ಇದೆಯೆಂದು ಮೊದಲನೆಯದು, ಹಾಗೆಯೇ ‘ಆರ್ಡರ್‌ಡೇಟ್’, ‘ಕಸ್ಟಮರ್‌ಐಡಿ’ ಎಂದು ಉಳಿದೆರಡು.

“ಆ ಮೂರು ಸಾಲು ಎರಡೆರಡು ಸಲ ಇದ್ದವು ಮಾವ, ಅದಕ್ಕೇ ಒಂದೊಂದನ್ನು ತೆಗೆದುಬಿಟ್ಟೆ. ಎರರ್ ಹೋಯಿತು. ಆದರೆ ಈಗ ಮಾರಾಟದ ಪಟ್ಟಿಯೇ ತೆರೆಯುತ್ತಿಲ್ಲ” ಎಂದಳು.

“ಅವು ಎರಡೆರಡು ಸಲ ಬಂದದ್ದೇಕೆ ಎಂದು ಹುಡುಕಿದೆಯಾ ಮಗೂ?”

ಹುಡುಕಿರಲಿಲ್ಲ, ಅದು ಅವಳ ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ಆ ಎರರಿನ ಮಾತು ನೋಡುವವರನ್ನು ಆ ಮೂರು ಸಾಲುಗಳ ಕಡೆಗೇ ಎಳೆಯುತ್ತದೆ. ನಿಜವಾದ ಕಾರಣ ಸ್ವಲ್ಪ ಮೇಲಿತ್ತು. ಸಿ ಶಾರ್ಪ್ ಭಾಷೆಯಲ್ಲಿ ಒಂದೇ ನೇಮ್‌ಸ್ಪೇಸಿನಲ್ಲಿ ಒಂದೇ ಹೆಸರಿನ ಎರಡು ಸಾಧಾರಣ ಕ್ಲಾಸುಗಳನ್ನು ಬರೆದರೆ ಕಂಪೈಲರು ಸಿಎಸ್0101 ಎಂಬ ಎರರನ್ನು ಕೊಟ್ಟು, ಈ ಹೆಸರು ಇಲ್ಲಿ ಈಗಾಗಲೇ ಇದೆಯೆಂದು ನೇರವಾಗಿ ಹೇಳುತ್ತದೆ. ಆದರೆ ಸಾಧನಗಳು ಬರೆಯುವ ಕ್ಲಾಸುಗಳಿಗೆ ಸಾಮಾನ್ಯವಾಗಿ ‘ಪಾರ್ಷಿಯಲ್’ ಎಂಬ ವಿಶೇಷಣವಿರುತ್ತದೆ. 2005ರ ಸಿ ಶಾರ್ಪ್ 2.0ರಲ್ಲಿ ಬಂದ ಈ ಸೌಕರ್ಯದ ಉದ್ದೇಶ ಒಳ್ಳೆಯದು: ಸಾಧನ ಬರೆದ ಭಾಗ ಒಂದು ಕಡತದಲ್ಲಿಯೂ ಮನುಷ್ಯ ಬರೆದ ಭಾಗ ಇನ್ನೊಂದು ಕಡತದಲ್ಲಿಯೂ ಇದ್ದು, ಕಂಪೈಲರು ಎರಡನ್ನೂ ಜೋಡಿಸಿ ಒಂದು ಕ್ಲಾಸನ್ನಾಗಿ ಮಾಡಲಿ ಎಂದು. ಮಾರಾಟದ ಆರ್ಡರ್, ರಿಪೇರಿಯ ಆರ್ಡರ್ ಎರಡೂ ಪಾರ್ಷಿಯಲ್ ಆಗಿ ಒಂದೇ ನೇಮ್‌ಸ್ಪೇಸಿಗೆ ಬಂದು ಬಿದ್ದಾಗ, ಇವು ಒಂದೇ ವಸ್ತುವಿನ ಎರಡು ಅರ್ಧಗಳೆಂದು ಕಂಪೈಲರು ನಂಬಿತು. ಎರಡರಲ್ಲಿಯೂ ಇದ್ದ ಮೂರು ಅಂಕಣಗಳನ್ನು ಮಾತ್ರ ಆಕ್ಷೇಪಿಸಿತು. ಹುಡುಗಿ ಅವನ್ನು ತೆಗೆದೊಡನೆ ಆ ಕೊನೆಯ ಆಕ್ಷೇಪವೂ ಅಡಗಿ, ಮಾರಾಟದ ಮೊಬಲಗನ್ನೂ ಪಂಪಿನ ದೋಷಸಂಖ್ಯೆಯನ್ನೂ ಒಂದೇ ಮೈಯಲ್ಲಿ ಹೊತ್ತ ಒಂದು ಸಂಕರ ಕ್ಲಾಸು ನಿರ್ವಿಘ್ನವಾಗಿ ಜನ್ಮ ತಾಳಿತು. ಪ್ರೋಗ್ರಾಮು ಓಡಿ, ಮಾರಾಟದ ಕೋಷ್ಟಕವನ್ನು ‘ದೋಷಸಂಖ್ಯೆ ಕೊಡು’ ಎಂದು ಕೇಳಿತು. ಅಂಥ ಅಂಕಣ ತನ್ನಲ್ಲಿಲ್ಲವೆಂದು ಎಸ್‌ಕ್ಯೂಎಲ್ ಸರ್ವರ್ 207ನೆಯ ಎರರನ್ನು ಕೊಟ್ಟು ಸುಮ್ಮನಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. 1992ರ ಎಸ್‌ಕ್ಯೂಎಲ್ ಪ್ರಮಾಣಸೂತ್ರದಲ್ಲಿ ‘ಇನ್‌ಫರ್ಮೇಷನ್ ಸ್ಕೀಮಾ’ ಎಂಬ ಒಂದು ವ್ಯವಸ್ಥೆಯನ್ನು ವಿಧಿಸಿದ್ದಾರೆ. ಡೇಟಾಬೇಸು ತನ್ನ ಕೋಷ್ಟಕಗಳೆಷ್ಟು, ಅವು ಯಾವ ಕೋಣೆಯವು, ಅವುಗಳ ಅಂಕಣಗಳಾವುವು ಎಂಬುದನ್ನೆಲ್ಲ ತಾನೇ ಕೋಷ್ಟಕದ ರೂಪದಲ್ಲಿ ಹೇಳುವ ವ್ಯವಸ್ಥೆಯಿದು. ಒಂದಕ್ಕಿಂತ ಹೆಚ್ಚು ಸ್ಕೀಮಾಗಳಲ್ಲಿ ಕಾಣುವ ಹೆಸರುಗಳನ್ನು ಮಾತ್ರ ಕೊಡೆಂದು ಅದನ್ನು ಕೇಳಿಸಿದೆ. ಎರಡು ಹೆಸರುಗಳು ಬಂದವು: ಒಂದು ನಮಗೆ ಗೊತ್ತಿದ್ದ ಆರ್ಡರ್ಸ್, ಇನ್ನೊಂದು ನೋಟ್ಸ್. ನೋಟ್ಸ್ ವಿಷಯದಲ್ಲಿ ಒಂದು ಎರರೂ ಬಂದಿರಲಿಲ್ಲವಲ್ಲ ಎಂದು ಅವಳು ಆಶ್ಚರ್ಯಪಟ್ಟಳು. ತೆರೆದು ನೋಡಿದರೆ, ಆ ಎರಡು ಕೋಷ್ಟಕಗಳಲ್ಲಿ ಒಂದೇ ಹೆಸರಿನ ಅಂಕಣ ಒಂದೂ ಇರಲಿಲ್ಲ; ಆದಕಾರಣ ಅವು ಯಾವ ಸದ್ದೂ ಇಲ್ಲದೆ ಒಂದರೊಳಗೊಂದು ಬೆರೆತುಹೋಗಿದ್ದವು. ಕಂಪೈಲರಿನ ಮೌನವನ್ನು ಒಪ್ಪಿಗೆಯೆಂದು ತಿಳಿಯದೆ, ಕೋಡು ಬರೆಸುವುದಕ್ಕೆ ಮುಂಚೆಯೇ ಡೇಟಾಬೇಸನ್ನು ಈ ಒಂದು ಪ್ರಶ್ನೆ ಕೇಳುವುದು ಎಷ್ಟು ಅವಶ್ಯಕವೆಂಬುದು ನನಗೆ ಅಂದು ಮನದಟ್ಟಾಯಿತು. ಕ್ಲಾಸಿಗೊಂದರಂತೆ ಕಡತಗಳನ್ನು ಬರೆಯುವ ಸಾಧನವಾದರೆ ಅಪಾಯ ಇನ್ನೊಂದು ಬಗೆಯದು: ಒಂದೇ ಫೋಲ್ಡರಿನಲ್ಲಿ ಮೊದಲ ಆರ್ಡರ್ ಕಡತದ ಮೇಲೆ ಎರಡನೆಯದನ್ನು ಬರೆದುಬಿಟ್ಟರೆ, ಒಂದು ಕೋಷ್ಟಕವೇ ಅಳಿಸಿಹೋಗಿ, ಅದು ಇತ್ತೆಂಬುದಕ್ಕೂ ಸಾಕ್ಷಿ ಉಳಿಯುವುದಿಲ್ಲ.

ದೊಡ್ಡ ಸಾಧನಗಳು ಇಷ್ಟು ಅಜಾಗರೂಕವಲ್ಲ; ಆದರೆ ಅವುಗಳ ಪರಿಹಾರವೂ ನನಗೆ ಪೂರ್ಣವಾಗಿ ಒಪ್ಪಿಗೆಯಾಗದು. ಎಸ್‌ಕ್ಯೂಎಲ್ ಸರ್ವರ್ 2016ರ ಜೊತೆಗೆ ಮೈಕ್ರೋಸಾಫ್ಟಿನವರು ಅಭ್ಯಾಸಕ್ಕೆಂದು ಕೊಟ್ಟ ವೈಡ್ ವರ್ಲ್ಡ್ ಇಂಪೋರ್ಟರ್ಸ್ ಎಂಬ ಮಾದರಿ ಡೇಟಾಬೇಸಿನಲ್ಲಿ, ಸೇಲ್ಸ್ ಸ್ಕೀಮಾದೊಳಗೆ ಕಸ್ಟಮರ್ಸ್ ಎಂಬ ಕೋಷ್ಟಕವಿದೆ. ವೆಬ್‌ಸೈಟ್ ಸ್ಕೀಮಾದೊಳಗೆ ಅದೇ ಹೆಸರಿನ ಒಂದು ವ್ಯೂ, ಎಂದರೆ ಓದುವುದಕ್ಕಾಗಿ ಕಟ್ಟಿದ ನೋಟ, ಇದೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್ ಇವನ್ನು ಓದಿ, ತಾನಾಗಿ ಬಿಟ್ಟರೆ ಎಲ್ಲವನ್ನೂ ಒಂದೇ ನೇಮ್‌ಸ್ಪೇಸಿನಲ್ಲಿಟ್ಟು, ಹೆಸರು ತಾಗಿದಲ್ಲಿ ಒಂದಕ್ಕೆ ಕಸ್ಟಮರ್ ಎಂದೂ ಇನ್ನೊಂದಕ್ಕೆ ಕಸ್ಟಮರ್1 ಎಂದೂ ಹೆಸರಿಡುತ್ತದೆ. ಕೋಡು ಕಂಪೈಲ್ ಆಗುತ್ತದೆ. ಯಾವ ಕ್ಲಾಸು ಯಾವ ಸ್ಕೀಮಾದ ಯಾವ ಕೋಷ್ಟಕಕ್ಕೆ ಸೇರಿದ್ದೆಂಬುದನ್ನು ಒಳಗೆ ಸರಿಯಾಗಿ ಬರೆದಿಟ್ಟಿರುತ್ತದೆ. ಯಂತ್ರಕ್ಕೆ ಅಷ್ಟು ಸಾಕು. ಆದರೆ ಆ ಕೋಡನ್ನು ಮುಂದೆ ಓದತಕ್ಕ ಮನುಷ್ಯನಿಗೆ ಆ ‘1’ ಏನನ್ನು ಹೇಳೀತು? ಎರಡು ಮನೆಗಳ ಇಬ್ಬರು ರಾಮಯ್ಯಂದಿರನ್ನು ಮನೆಹೆಸರಿನಿಂದ ಬೇರ್ಪಡಿಸದೆ ಒಂದನೆಯ ರಾಮಯ್ಯ ಎರಡನೆಯ ರಾಮಯ್ಯ ಎಂದರೆ, ಸಾಲಕೊಟ್ಟವನು ಯಾರ ಬಾಗಿಲನ್ನು ತಟ್ಟಬೇಕು? ಅಂಕೆ ಯಾರಿಗೆ ಸಿಗುವುದೆಂಬುದೂ ಸಾಧನ ಓದಿದ ಅನುಕ್ರಮವನ್ನು ಅವಲಂಬಿಸಿದ್ದರಿಂದ, ನಾಳೆ ಮೂರನೆಯದೊಂದು ಸ್ಕೀಮಾ ಬಂದರೆ ಇಂದಿನ ಅಂಕೆಗಳು ಹಾಗೆಯೇ ಉಳಿಯುವುವೆಂಬ ಭರವಸೆಯಿಲ್ಲ. ಕೋಷ್ಟಕಗಳನ್ನು ರಚಿಸಿದವರು ಬೇರೆ ಬೇರೆ ಸ್ಕೀಮಾದಲ್ಲಿಟ್ಟದ್ದು ಅರ್ಥ ಬೇರೆಯೆಂದು. ಆ ಅರ್ಥವನ್ನು ಅಂಕೆಗೆ ಮಾರಿಕೊಳ್ಳಬಾರದು.

ಹಾಗಾದರೆ ಸ್ಕೀಮಾಕ್ಕೊಂದು ನೇಮ್‌ಸ್ಪೇಸ್ ಮಾಡಿದರೆ ಎಲ್ಲವೂ ನೆಟ್ಟಗಾಗುವುದೆ? ಬಹುಮಟ್ಟಿಗೆ ಆಗುತ್ತದೆ, ಆದರೆ ಅಲ್ಲಿ ಇನ್ನೊಂದು ಗುಂಡಿಯುಂಟು, ಅದರ ಉತ್ತಮ ನಿದರ್ಶನ ಮೈಕ್ರೋಸಾಫ್ಟಿನದೇ ಹಳೆಯ ಮಾದರಿಯಾದ ಅಡ್ವೆಂಚರ್‌ವರ್ಕ್ಸ್. ಕಾಲ್ಪನಿಕ ಸೈಕಲ್ ಕಂಪನಿಯೊಂದರ ಲೆಕ್ಕಪತ್ರವಿದು; ಸೇಲ್ಸ್, ಪರ್ಚೇಸಿಂಗ್, ಪ್ರೊಡಕ್ಷನ್, ಹ್ಯೂಮನ್‌ರಿಸೋರ್ಸಸ್, ಪರ್ಸನ್ ಎಂಬ ಸ್ಕೀಮಾಗಳು ಇದರಲ್ಲಿವೆ. ಇದನ್ನು ಕಟ್ಟಿದವರು ಸೇಲ್ಸ್ ಸ್ಕೀಮಾದೊಳಗಿನ ಆರ್ಡರಿಗೂ ‘ಸೇಲ್ಸ್‌ಆರ್ಡರ್‌ಹೆಡರ್’ ಎಂದು ಮನೆಹೆಸರನ್ನು ಮತ್ತೊಮ್ಮೆ ಅಂಟಿಸಿದ್ದಾರೆ. ಕೋಣೆಯ ಹೆಸರು ದಾರಿಯಲ್ಲಿ ಬಿದ್ದುಹೋದೀತೆಂಬ ಶಂಕೆ ಅವರಿಗೂ ಇತ್ತೋ ಏನೋ. ಆದರೆ 2008ರ ಆವೃತ್ತಿಯಿಂದೀಚೆಗೆ ಪರ್ಸನ್ ಸ್ಕೀಮಾದಲ್ಲಿ ಪರ್ಸನ್ ಎಂಬ ಹೆಸರಿನ ಕೋಷ್ಟಕವೇ ಇದೆ. ಸ್ಕೀಮಾಕ್ಕೊಂದು ನೇಮ್‌ಸ್ಪೇಸ್ ಎಂದು ಬರೆಸಿದರೆ ಅಡ್ವೆಂಚರ್‌ವರ್ಕ್ಸ್.ಪರ್ಸನ್ ಎಂಬುದು ಮನೆ, ಅದರೊಳಗಿನ ಪರ್ಸನ್ ಎಂಬುದು ಮನೆಯವನು. ಈಗ ಸೇಲ್ಸ್ ಮನೆಯೊಳಗಿನ ಕೋಡು ‘ಪರ್ಸನ್’ ಎಂದು ಕೂಗಿದರೆ, ಕಂಪೈಲರು ಮೊದಲು ಸೇಲ್ಸ್ ಮನೆಯಲ್ಲಿ ಹುಡುಕಿ, ಅಲ್ಲಿಲ್ಲವೆಂದು ಒಂದು ಹೆಜ್ಜೆ ಹೊರಗೆ ಬಂದು, ಇವೆಲ್ಲಕ್ಕೂ ಮೂಲವಾದ ಅಡ್ವೆಂಚರ್‌ವರ್ಕ್ಸ್ ಅಂಗಳದಲ್ಲಿ ನೋಡುತ್ತದೆ. ಅಲ್ಲಿ ಪರ್ಸನ್ ಎಂಬುದು ಕಾಣುತ್ತದೆ, ಆದರೆ ಅದು ಮನೆ. ಸಿಎಸ್0118: ಇದು ನೇಮ್‌ಸ್ಪೇಸು, ನೀವು ಇದನ್ನು ಕ್ಲಾಸಿನಂತೆ ಬಳಸುತ್ತಿದ್ದೀರಿ. ಕಡತದ ನೆತ್ತಿಯಲ್ಲಿ ‘ಯೂಸಿಂಗ್ ಅಡ್ವೆಂಚರ್‌ವರ್ಕ್ಸ್.ಪರ್ಸನ್’ ಎಂದು ಬರೆದಿದ್ದರೂ ಫಲವಿಲ್ಲ. ಆ ಸಾಲಿನ ಸರದಿ ಬರುವುದು ಅಂಗಳವನ್ನು ನೋಡಿ ಆದಮೇಲೆ, ಅಷ್ಟರಲ್ಲಿ ಹುಡುಕಾಟ ನಿಂತಿರುತ್ತದೆ. ಅದೇ ಸಾಲನ್ನು ನೇಮ್‌ಸ್ಪೇಸಿನ ಒಳಗಡೆ ಇಟ್ಟರೆ ಕೆಲಸವಾಗುತ್ತದೆಂಬುದು ಅನೇಕ ಅನುಭವಿಗಳಿಗೂ ತಿಳಿಯದ ಮರ್ಮ. ಆದರೂ ನನ್ನ ಮತದಲ್ಲಿ ಮನೆಗೆ ಬೇರೆ ಹೆಸರಿಡುವುದೇ ಮೇಲು: ಸಾಧನವು ಸ್ಕೀಮಾದ ಹೆಸರಿನ ಕೊನೆಗೆ ‘ಡೇಟಾ’ ಎಂದೋ ‘ಸ್ಕೀಮಾ’ ಎಂದೋ ಒಂದು ಪ್ರತ್ಯಯವನ್ನು ತಪ್ಪದೆ ಸೇರಿಸುವಂತೆ ಮಾಡಿದರೆ, ಮನೆಯೂ ಮನೆಯವನೂ ಒಂದೇ ಹೆಸರಿಗೆ ಓಗೊಡುವ ಸಂದರ್ಭ ಒದಗುವುದಿಲ್ಲ.

ಈ ಪ್ರತ್ಯಯದಿಂದ ಇನ್ನೊಂದು ಲಾಭವೂ ಉಂಟು. ಯಾರಾದರೂ ತಮ್ಮ ಸ್ಕೀಮಾಕ್ಕೆ ‘ಸಿಸ್ಟಮ್’ ಎಂದು ಹೆಸರಿಟ್ಟಿದ್ದರೆ ಅದು ಡಾಟ್‌ನೆಟ್‌ನ ಮೂಲ ನೇಮ್‌ಸ್ಪೇಸಾದ ಸಿಸ್ಟಮ್‌ನ್ನೇ ಮರೆಮಾಡುತ್ತದೆ; ಆಗ ‘ಗ್ಲೋಬಲ್’ ಎಂಬ ಪದವನ್ನು ಮುಂದಿಟ್ಟು ಬುಡದಿಂದ ಹುಡುಕೆಂದು ಹೇಳಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ನ ಸಹಜ ಸ್ಕೀಮಾದ ಹೆಸರು ‘ಪಬ್ಲಿಕ್’. ಜಾವಾದಲ್ಲಿ ಅದು ಭಾಷೆಯೇ ಕಾದಿರಿಸಿಕೊಂಡ ಪದವಾದ್ದರಿಂದ ಪ್ಯಾಕೇಜಿನ ಹೆಸರಾಗಲಾರದು. ಸ್ಕೀಮಾಕ್ಕೊಂದು ಪ್ಯಾಕೇಜನ್ನು ಬರೆಯುವ ಜೂಕ್ ಸಾಧನವು ಆ ಪದದ ಬಾಲಕ್ಕೆ ಒಂದು ಅಡಿಗೆರೆಯನ್ನು ಸೇರಿಸಿ ಈ ತೊಡಕನ್ನು ದಾಟುತ್ತದೆ.

ಇನ್ನು ಊಟದ ಮೇಜಿಗೆ ಹಿಂದಿರುಗೋಣ. ಹುಡುಗಿ ಸಾಧನ ಬರೆದ ಕಡತವನ್ನು ಕೈಯಿಂದ ತಿದ್ದಿದ್ದು ಅದು ಮೂರನೆಯ ಸಲ. ಪ್ರತಿಸಲವೂ ಯಾರೋ ಸಾಧನವನ್ನು ಮತ್ತೆ ಓಡಿಸಿದಾಗ ಅವಳ ತಿದ್ದುಪಡಿ ತೊಳೆದುಹೋಗಿತ್ತು. ಆ ಕಡತದ ಮೊದಲ ಸಾಲಿನಲ್ಲಿಯೇ, ಇದನ್ನು ಯಂತ್ರ ಬರೆದಿದೆ, ಇಲ್ಲಿ ತಿದ್ದಿದ್ದು ಉಳಿಯದು ಎಂಬ ಎಚ್ಚರಿಕೆಯಿತ್ತು. ಎರಕದ ಅಚ್ಚಿನಲ್ಲಿ ಸೀಳಿದ್ದರೆ ಪ್ರತಿಯೊಂದು ಬಿಂದಿಗೆಯನ್ನೂ ಅರ ಹಿಡಿದು ಉಜ್ಜುತ್ತ ಕೂರುವುದುಂಟೆ? ಅಚ್ಚನ್ನು ತೆರೆಸಿದೆ. ಹಿಂದಿನವರು ಬರೆದಿಟ್ಟ ಟೆಂಪ್ಲೇಟು ಸುಮಾರು ಎರಡು ಪುಟ ಉದ್ದವಿತ್ತು. ಓದುತ್ತ ಬಂದರೆ ದೋಷ ಒಂದೇ ಸಾಲಿನಲ್ಲಿತ್ತು: ಕೋಷ್ಟಕಗಳನ್ನೂ ಅಂಕಣಗಳನ್ನೂ ತರುವಾಗ ಸ್ಕೀಮಾವನ್ನು ಸರಿಯಾಗಿಯೇ ಕೇಳಿದ್ದರು, ಆದರೆ ‘ನೇಮ್‌ಸ್ಪೇಸ್’ ಎಂಬ ಸಾಲನ್ನು, ಒಂದೊಂದೇ ಕೋಷ್ಟಕವನ್ನು ಎತ್ತಿಕೊಳ್ಳುವ ಆವರ್ತನದ ಹೊರಗೆ, ಪುಟದ ತಲೆಯಲ್ಲಿ ಒಂದೇ ಒಂದು ಸಲ ಬರೆದಿದ್ದರು. ಸ್ಕೀಮಾ ಒಂದೇ ಇದ್ದ ಕಾಲಕ್ಕೆ ಅದು ತಪ್ಪಾಗಿರಲಿಲ್ಲ. ಅವಳು ಕೋಷ್ಟಕಗಳನ್ನು ಸ್ಕೀಮಾವಾರು ವಿಂಗಡಿಸಿ, ಆ ಸಾಲನ್ನು ಆವರ್ತನದೊಳಕ್ಕೆ ತಂದು, ಸ್ಕೀಮಾದ ಹೆಸರಿಗೆ ‘ಡೇಟಾ’ ಪ್ರತ್ಯಯವನ್ನು ಸೇರಿಸಿದಳು: ಸೇಲ್ಸ್‌ಡೇಟಾ, ಸರ್ವೀಸ್‌ಡೇಟಾ. ಸಾಧನವನ್ನು ಓಡಿಸಿ, ಹೊರಬಂದ ಕಡತವನ್ನು ಬೇರೆಡೆ ನಕಲಿಟ್ಟು, ಮತ್ತೊಮ್ಮೆ ಓಡಿಸಿ ಎರಡನ್ನೂ ಹೋಲಿಸಲು ಹೇಳಿದೆ. ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ.

ಹಳೆಯ ಕೋಡಿಗೆ ಈ ಹೊಸ ಮನೆಗಳ ಗುರುತಿರಲಿಲ್ಲವಾಗಿ ಎಲ್ಲೆಲ್ಲಿಯೂ ಎರರ್‌ಗಳೆದ್ದವು. 2021ರ ಸಿ ಶಾರ್ಪ್ 10ರಿಂದ ಇಡೀ ಯೋಜನೆಗೆ ಒಂದೇ ಕಡೆ ನೇಮ್‌ಸ್ಪೇಸುಗಳನ್ನು ಪರಿಚಯಿಸುವ ಸೌಕರ್ಯವಿದೆ. ಅವಳು ಎರಡನ್ನೂ ಅಲ್ಲಿ ಬರೆದುಬಿಟ್ಟಳು. ಎರರ್‌ಗಳು ಇಳಿದು 23ಕ್ಕೆ ನಿಂತವು, ಎಲ್ಲವೂ ಸಿಎಸ್0104: ‘ಆರ್ಡರ್’ ಎಂಬುದು ಸಂದಿಗ್ಧವಾಗಿದೆ, ಸೇಲ್ಸ್‌ಡೇಟಾದ್ದೋ ಸರ್ವೀಸ್‌ಡೇಟಾದ್ದೋ.

“ಇದು ಮುಗಿಯುವುದೇ ಇಲ್ಲವೇ ಮಾವ?” ಎಂದಳು.

“ಇವು ಎರರ್ ಅಲ್ಲ ಮಗೂ, ಪ್ರಶ್ನೆಗಳು. ಒಂದೊಂದಕ್ಕೂ ಉತ್ತರ ಹೇಳು.”

ಹೇಳುತ್ತ ಹೋದಳು. ಪ್ರತಿಯೊಂದು ಸಾಲಿನ ಆಚೀಚೆ ಓದಿ, ಇದು ಮಾರಾಟದ್ದು, ಇದು ರಿಪೇರಿಯದು ಎಂದು ನಿಶ್ಚಯಿಸಿಕೊಂಡು, ಒಂದು ಕಡತದಲ್ಲಿ ಎರಡೂ ಬೇಕಾದಲ್ಲಿ ‘ಸೇಲ್‌ಆರ್ಡರ್’, ‘ರಿಪೇರಿಆರ್ಡರ್’ ಎಂದು ಉಪನಾಮಗಳನ್ನು ಕೊಟ್ಟು, ರಾತ್ರಿ ಹತ್ತರ ಹೊತ್ತಿಗೆ 22ನ್ನು ಮುಗಿಸಿದಳು. ಉಳಿದದ್ದು ಒಂದು: ಒಬ್ಬ ಗಿರಾಕಿಗೆ ಸಂಬಂಧಿಸಿದ, ಒಂದು ವರ್ಷದ ಆರ್ಡರ್‌ಗಳನ್ನು ಎಣಿಸುವ ಒಂದು ಪುಟ್ಟ ಫಂಕ್ಷನ್. ಅದರ ಹೆಸರಿನಿಂದಾಗಲಿ, ಅದನ್ನು ಕರೆಯುವ ಕಡೆಯಿಂದಾಗಲಿ ಯಾವ ಆರ್ಡರ್ ಎಂದು ತಿಳಿಯುವಂತಿರಲಿಲ್ಲ. ಊಹೆಯಿಂದ ಏನನ್ನಾದರೂ ಬರೆದರೆ ಕಂಪೈಲರು ಒಪ್ಪಿಕೊಂಡೇ ಬಿಡುತ್ತಿತ್ತು. ಅವಳು ಬರೆಯಲಿಲ್ಲ, ಲ್ಯಾಪ್‌ಟಾಪನ್ನು ಮುಚ್ಚಿಟ್ಟು ಮಲಗಿದಳು.

ಮರುದಿನ ಬೆಳಗ್ಗೆ ಕಚೇರಿಯ ಹಿರಿಯರಿಗೆ ಫೋನ್ ಮಾಡಿ ಕೇಳಿದಳು. ಪಂಪು ಕೊಂಡ ಮೊದಲ ವರ್ಷದಲ್ಲಿ ಎಷ್ಟು ಸಲ ಪುಕ್ಕಟೆ ರಿಪೇರಿಯಾಗಿದೆಯೆಂದು ಲೆಕ್ಕ ಹಾಕುವುದಕ್ಕೆ ಅದನ್ನು ಸೇರಿಸಿದ್ದು, ರಿಪೇರಿಯ ಆರ್ಡರೇ, ಆದರೆ ಸರ್ವೀಸ್ ಸ್ಕೀಮಾ ಬಂದ ಮೇಲೂ ಅದು ಮಾರಾಟದ ಕೋಷ್ಟಕವನ್ನೇ ಎಣಿಸುತ್ತಿದೆಯೆಂದು ತಮಗೂ ಗೊತ್ತಿರಲಿಲ್ಲ ಎಂದರು ಅವರು. ಅವಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡೇ ಆ ಸಾಲಿಗೆ ಸರ್ವೀಸ್‌ಡೇಟಾ ಎಂದು ಸೇರಿಸಿ, ಚುಕ್ಕೆಯಿಟ್ಟಳು.